ಸನ್ಯಾಸಿಯ ಬಾವಿ, ಅವಧೂತನ ಕೆರೆ

(ಬಿ.ಜಿ. ಕೆರೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಿಮ್ಮ ಊರಿನ ಹೆಸರಿನಿಂದಲೇ ಮಾತನ್ನು ಆರಂಭಿಸುತ್ತೇನೆ. ಬೊಮ್ಮಗೊಂಡನಕೆರೆ ಎಂಬುದು ಇದರ ಪೂರ್ಣ ಹೆಸರು. ಬಳಕೆಯಲ್ಲಿ ಬೊಮ್ಮಗೊಂಡನ ಹೆಸರು ಎರಡು ಅಕ್ಷರಗಳಿಗೆ ಕುಗ್ಗಿತು. ಆದರೆ ‘ಕೆರೆ’ ಎಂಬ ಮಾತನ್ನು ಕುಗ್ಗಿಸಲು ಯಾರಿಗೂ ಮನಸ್ಸು ಬರಲಿಲ್ಲ. ಮನುಷ್ಯನ ಹೆಸರು ಅರ್ಧ ಮರೆತರೂ ಆತನ ಹೆಸರಿನ ಕೆರೆಯನ್ನು ಜನ ಮರೆಯುವುದಿಲ್ಲ. ಇಂದು ನಾನು ಹೇಳಬೇಕೆಂದಿರುವ ವಿಚಾರವೆಲ್ಲವೂ ಇದರ ಸುತ್ತಲೇ ಇದೆ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಸೇರಿವೆ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆ, ಅದೂ ನಂಬಲಾಗದ ಮಳೆ. ಸುತ್ತಲೂ ಬೋಳು ಬಂಡೆಗಳ ಗುಡ್ಡಗಳು. ಇಂತಹ ಗುಡ್ಡಗಳನ್ನೇ ಹುಡುಕಿಕೊಂಡು ಸಿದ್ಧರು, ಜೋಗಿಗಳು, ಅವಧೂತರು ಬಂದರು. ನುಂಕಿಮಲೆ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ – ಯಾವ ಬೆಟ್ಟದ ಹೆಸರು ಹೇಳಿದರೂ ಅಲ್ಲೊಬ್ಬ ತಪಸ್ವಿಯ ನೆನಪು, ಒಂದು ಗವಿ, ಒಂದು ಗುಡಿ ಇದ್ದೇ ಇರುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಊರನ್ನು ಬಿಟ್ಟು ಹೋದವನಿಂದ ಊರಿಗೆ ಏನು ಪ್ರಯೋಜನ? ಸಂಸಾರ ಬೇಡ, ಆಸ್ತಿ ಬೇಡ, ಅಧಿಕಾರ ಬೇಡ ಎಂದು ಏಕಾಂತಕ್ಕೆ ಸರಿದ ಒಬ್ಬ ಸನ್ಯಾಸಿ ಉಳುವವನಿಗೂ ಕುರಿ ಕಾಯುವವನಿಗೂ ಏನನ್ನು ಬಿಟ್ಟುಹೋಗಬಲ್ಲ? ಉತ್ತರ ಹುಡುಕಲು ಇಬ್ಬರು ತಪಸ್ವಿಗಳ ಬಳಿಗೆ ತಮ್ಮನ್ನು ಕರೆದೊಯ್ಯುತ್ತೇನೆ. ಒಬ್ಬರು ಬಹುದೂರದವರು; ಏಳನೆಯ ಶತಮಾನದ ಕ್ರೈಸ್ತ ಸಂತ, ಇಂಗ್ಲೆಂಡಿನ ಉತ್ತರ ತೀರದ ಒಂದು ಪುಟ್ಟ ನಡುಗಡ್ಡೆಯಲ್ಲಿ ಬಾಳಿದವರು. ಇನ್ನೊಬ್ಬರು ತಮ್ಮ ಪಕ್ಕದವರೇ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು. ದೂರದವರನ್ನು ಮೊದಲು ನೋಡೋಣ. ಅಲ್ಲಿಂದ ಹಿಂದಿರುಗಿದಾಗ, ದಿನವೂ ನೋಡುವ ನಮ್ಮ ಮನೆಯೇ ಹೊಸದಾಗಿ ಕಾಣಬಹುದು.

ಕುರಿ ಕಾಯುವ ಹುಡುಗ

ಆ ಸಂತನ ಹೆಸರು ಕತ್ಬರ್ಟ್. ಹುಟ್ಟಿದ್ದು ಕ್ರಿ.ಶ. 634ರ ಸುಮಾರಿಗೆ, ಅಂದಿನ ನಾರ್ತಂಬ್ರಿಯ ರಾಜ್ಯದಲ್ಲಿ. ಅವರ ಜೀವನ ಚರಿತ್ರೆಯನ್ನು ಬೀಡ್ ಎಂಬ ವಿದ್ವಾಂಸ ಸನ್ಯಾಸಿ ಸುಮಾರು 721ರಲ್ಲಿ ಬರೆದರು. ಕತ್ಬರ್ಟರನ್ನು ಕಣ್ಣಾರೆ ಕಂಡವರು ಆಗ ಇನ್ನೂ ಬದುಕಿದ್ದರು. ಅಂಥವರನ್ನು ಕೇಳಿ ಬರೆದ ಚರಿತ್ರೆ ಅದು. ಅದರಲ್ಲಿ ಪವಾಡಗಳಿವೆ, ಜೊತೆಗೆ ಮಣ್ಣು, ನೀರು, ಬೀಜ, ಹಕ್ಕಿಗಳ ಸಂಗತಿಗಳೂ ಇವೆ. ನಮಗೆ ಬೇಕಾದುದು ಈ ಎರಡನೆಯ ಬಗೆಯ ಸಂಗತಿಗಳು.

ಕತ್ಬರ್ಟ್ ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದರು. 651ರ ಒಂದು ರಾತ್ರಿ ಗುಡ್ಡದ ಮೇಲೆ ಮಂದೆಯನ್ನು ಕಾಯುತ್ತಿರುವಾಗ ಆಕಾಶದಲ್ಲಿ ದೊಡ್ಡದೊಂದು ಬೆಳಕು ಇಳಿದು ಬಂದು ಒಂದು ಆತ್ಮವನ್ನು ಮೇಲಕ್ಕೆ ಕೊಂಡೊಯ್ದಂತೆ ಅವರಿಗೆ ಕಂಡಿತಂತೆ. ಅದೇ ಹೊತ್ತಿನಲ್ಲಿ ಆ ಸೀಮೆಯ ಹಿರಿಯ ಧರ್ಮಗುರು ಏಡನ್ ಕಾಲವಾಗಿದ್ದರೆಂದು ಮರುದಿನ ತಿಳಿಯಿತು. ಆ ಹುಡುಗ ಕುರಿಗಳನ್ನು ಒಡೆಯರಿಗೆ ಒಪ್ಪಿಸಿ ಮೆಲ್ರೋಸ್ ಎಂಬಲ್ಲಿನ ಮಠವನ್ನು ಸೇರಿದ. ಹಟ್ಟಿಯ ಕುರುಬರ ಹುಡುಗನೊಬ್ಬ ರಾತ್ರಿ ರೊಪ್ಪದ ಬಳಿ ಕಂಬಳಿ ಹೊದ್ದು ಕುಳಿತಿರುವ ಚಿತ್ರವನ್ನು ಮನಸ್ಸಿಗೆ ತಂದುಕೊಂಡರೆ ತಮಗೆ ಈ ಸಂತ ಪರಕೀಯರೆನಿಸಲಾರರು.

ಮಠದಲ್ಲಿ ಅವರು ಹಲವು ಹೊಣೆಗಳನ್ನು ಹೊತ್ತರು. ಗುಡ್ಡಗಾಡಿನ ದೂರದ ಹಳ್ಳಿಗಳಿಗೆ ಕಾಲುನಡಿಗೆಯಲ್ಲಿ ಹೋಗಿ, ಬೇರೆ ಬೋಧಕರು ಹೋಗಲು ಹೇಸುತ್ತಿದ್ದ ಬಡವರ ಕೇರಿಗಳಲ್ಲಿ ವಾರಗಟ್ಟಲೆ ತಂಗುತ್ತಿದ್ದರು. ಅನಂತರ ಲಿಂಡಿಸ್‌ಫಾರ್ನ್ ಎಂಬ ದ್ವೀಪದ ಮಠಕ್ಕೆ ಮೇಲ್ವಿಚಾರಕರಾಗಿ ಬಂದರು. ಆದರೆ ಮನಸ್ಸು ಏಕಾಂತವನ್ನು ಬಯಸುತ್ತಿತ್ತು. 676ರಲ್ಲಿ ಅವರು ಫಾರ್ನ್ ಎಂಬ ಬಂಡೆಯ ನಡುಗಡ್ಡೆಗೆ ಹೋಗಿ ಒಬ್ಬರೇ ನೆಲಸಿದರು.

ಬಾವಿ, ಬಾರ್ಲಿ, ಹಕ್ಕಿಗಳು

ಫಾರ್ನ್ ನಡುಗಡ್ಡೆಯಲ್ಲಿ ಕುಡಿಯುವ ನೀರಿರಲಿಲ್ಲ, ಮರವಿರಲಿಲ್ಲ, ಬೆಳೆ ತೆಗೆಯುವ ಹೊಲವಿರಲಿಲ್ಲ. ಸುತ್ತಲೂ ಸಮುದ್ರವಿದ್ದರೂ ಬಾಯಾರಿದವನಿಗೆ ಹನಿ ನೀರಿಲ್ಲದ ಜಾಗ. ಕತ್ಬರ್ಟ್ ಅಲ್ಲಿ ಕಲ್ಲು ಮತ್ತು ಹೆಂಟೆಗಳಿಂದ ದುಂಡನೆಯ ಗೋಡೆಯೊಂದನ್ನು ಕಟ್ಟಿಕೊಂಡರು. ಒಳಗೆ ನಿಂತರೆ ಆಕಾಶವಲ್ಲದೆ ಬೇರೇನೂ ಕಾಣಬಾರದೆಂದು ಗೋಡೆ ಎತ್ತರವಾಗಿರಲೆಂದು ನೆಲವನ್ನೂ ತಗ್ಗಾಗಿ ಅಗೆದರು. ಆದರೆ ದೋಣಿ ನಿಲ್ಲುವ ತಾಣದಲ್ಲಿ, ತಮ್ಮನ್ನು ಕಾಣಲು ಬರುವವರು ತಂಗಲೆಂದು, ಒಂದು ಮನೆಯನ್ನೂ ಕಟ್ಟಿದರು. ಏಕಾಂತವನ್ನು ಬಯಸಿದವರು ಅತಿಥಿಗೆ ಬಾಗಿಲು ಮುಚ್ಚಲಿಲ್ಲ.

ಬಳಿಕ ನೀರಿನ ಪ್ರಶ್ನೆ. ಜೊತೆಗೆ ಬಂದ ಮಠದ ಸಹೋದರರೊಡನೆ ಕತ್ಬರ್ಟ್ ತಮ್ಮ ವಾಸದ ನಡುವಿನ ಗಟ್ಟಿ ಕಲ್ಲು ನೆಲದಲ್ಲಿ ಗುಂಡಿಯೊಂದನ್ನು ತೋಡಿಸಿದರು. ಮರುದಿನ ನೋಡಿದರೆ ಅದು ತುಂಬಿತ್ತು. ಆ ನೀರು ಎಂದಿಗೂ ಉಕ್ಕಿ ನೆಲದ ಮೇಲೆ ಹರಿಯಲಿಲ್ಲ, ಎಷ್ಟು ಸೇದಿದರೂ ಬತ್ತಲಿಲ್ಲ ಎಂದು ಬೀಡ್ ಬರೆಯುತ್ತಾರೆ. ಭಕ್ತರಿಗೆ ಇದು ಪವಾಡ. ನಾನು ಈ ಮಾತಿನಲ್ಲಿರುವ ಅಳತೆಯನ್ನು ಗಮನಿಸಿರೆಂದು ಕೇಳುತ್ತೇನೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಬ್ಬ ಮನುಷ್ಯನಿಗೂ ಆತನ ಅತಿಥಿಗಳಿಗೂ ಸಾಕಾಗುವಷ್ಟು.

ಮೊದಲು ಮಠದಿಂದ ರೊಟ್ಟಿ ಬರುತ್ತಿತ್ತು. ಆದರೆ ತಮ್ಮ ಕೈಯ ದುಡಿಮೆಯಿಂದಲೇ ಉಣ್ಣಬೇಕೆಂದು ನಿಶ್ಚಯಿಸಿದ ಕತ್ಬರ್ಟ್ ಸಲಕರಣೆಗಳನ್ನೂ ಗೋಧಿಯ ಬೀಜವನ್ನೂ ತರಿಸಿ ಬಿತ್ತಿದರು. ಬೆಳೆ ಬರಲಿಲ್ಲ. ನೆಲಕ್ಕೆ ಒಗ್ಗದ ಬೀಜವೆಂದು ತಿಳಿದು ಬಾರ್ಲಿಯನ್ನು ತರಿಸಿದರು. ಅಷ್ಟರಲ್ಲಿ ಬಿತ್ತನೆಯ ಕಾಲ ಮೀರಿತ್ತು. ಆದರೂ ಬಿತ್ತಿದರು, ಬೆಳೆ ಬಂದಿತು. ಹದ ತಪ್ಪಿದ ಮೇಲೂ ಬೀಜ ಹಿಡಿದು ಹೊಲಕ್ಕೆ ಹೋಗುವ ರೈತನ ಎದೆಗಾರಿಕೆ ಏನೆಂಬುದು ಈ ಸಭೆಯಲ್ಲಿ ಕುಳಿತವರಿಗೆ ನಾನು ವಿವರಿಸಬೇಕಾಗಿಲ್ಲ.

ತೆನೆ ಬಲಿತಾಗ ಹಕ್ಕಿಗಳು ಬಂದಿಳಿದವು. ನಮ್ಮಲ್ಲಾದರೆ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುತ್ತೇವೆ, ತಗಡು ಬಡಿಯುತ್ತೇವೆ. ಕತ್ಬರ್ಟ್ ಹಕ್ಕಿಗಳೊಡನೆ ಮಾತನಾಡಿದರಂತೆ. ತಾವು ಬಿತ್ತದ ಬೆಳೆಯನ್ನು ತಿನ್ನುವುದು ಸರಿಯೇ ಎಂದು ಕೇಳಿದರು; ಆದರೆ ಕೂಡಲೇ, ಒಂದು ವೇಳೆ ತಮಗಿಂತ ಅವುಗಳ ಹಸಿವೇ ದೊಡ್ಡದಿರಬಹುದೇ ಎಂಬ ಸಂಶಯವನ್ನೂ ಅದೇ ಮಾತಿನಲ್ಲಿ ಸೇರಿಸಿದರು. ದೇವರ ಅಪ್ಪಣೆಯಿದ್ದರೆ ತಿನ್ನಿ, ಇಲ್ಲವಾದರೆ ಹೊರಡಿ ಎಂಬುದು ಅವರ ಮಾತಿನ ತಾತ್ಪರ್ಯ. ಹಕ್ಕಿಗಳು ಹಾರಿಹೋದವು. ಹೋದವೋ ಇಲ್ಲವೋ ಎಂಬುದನ್ನು ನಂಬಿಕೆಗೆ ಬಿಡೋಣ. ತನ್ನ ಹೊಲದ ಅಂಚಿನಲ್ಲಿ ನಿಂತು, ಎದುರಿನ ಪ್ರಾಣಿಯ ಹಸಿವು ತನ್ನದಕ್ಕಿಂತ ದೊಡ್ಡದಿರಬಹುದೆಂದು ಯೋಚಿಸಿದ ಮನುಷ್ಯನೊಬ್ಬನಿದ್ದ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

684ರಲ್ಲಿ ಅವರನ್ನು ಬಿಷಪ್ ಪದವಿಗೆ ಆರಿಸಿದರು. ಅವರಿಗೆ ಇಷ್ಟವಿರಲಿಲ್ಲ, ರಾಜನೇ ದೋಣಿಯಲ್ಲಿ ಬಂದು ಬೇಡಿಕೊಂಡ ಮೇಲೆ ಒಪ್ಪಿದರು. 685ರಲ್ಲಿ ಪದವಿ ವಹಿಸಿ, ಎರಡು ವರ್ಷವೂ ತುಂಬುವ ಮೊದಲೇ ಅದನ್ನು ತೊರೆದು ಮತ್ತೆ ಫಾರ್ನ್‌ಗೆ ಮರಳಿದರು. 687ರ ಮಾರ್ಚ್ 20ರಂದು ಅಲ್ಲಿಯೇ ದೇಹ ಬಿಟ್ಟರು. ಕಡೆಯ ದಿನಗಳಲ್ಲಿ ಬಿರುಗಾಳಿಯಿಂದಾಗಿ ಐದು ದಿನ ಯಾವ ದೋಣಿಯೂ ಅಲ್ಲಿಗೆ ಹೋಗಲಾಗಲಿಲ್ಲ. ಆರನೆಯ ದಿನ ಹೋದವರು ಇಷ್ಟು ದಿನ ಏನು ತಿಂದಿರೆಂದು ಕೇಳಿದಾಗ ಅವರು ಹಾಸಿಗೆಯ ಹೊದಿಕೆ ಸರಿಸಿ ಐದು ಈರುಳ್ಳಿಗಳನ್ನು ತೋರಿಸಿದರಂತೆ. ಒಂದನ್ನು ಮಾತ್ರ ಅರ್ಧಕ್ಕಿಂತ ಕಡಿಮೆ ಕಚ್ಚಿದ ಗುರುತಿತ್ತು. ಈರುಳ್ಳಿ ಬೆಳೆಯುವ ಈ ಜಿಲ್ಲೆಯ ಜನರು ಈ ಸಂತನನ್ನು ನೆನಪಿಟ್ಟುಕೊಳ್ಳಲು ಇನ್ನೇನು ಬೇಕು?

ಸಂತ ಉಳಿಸಿದ ಹಕ್ಕಿಗಳು

ಕತ್ಬರ್ಟರ ಸಮಾಧಿಯಿರುವ ಡರ್ಹ್ಯಾಮ್ ನಗರದಲ್ಲಿ ಭವ್ಯವಾದ ದೇವಾಲಯ ಎದ್ದಿತು, ಯಾತ್ರಿಕರು ಬಂದರು, ರಾಜರು ದಾನ ಕೊಟ್ಟರು. ಇದು ಎಲ್ಲ ದೇಶಗಳಲ್ಲೂ ಸಂತರಿಗೆ ಆಗುವಂಥದ್ದೇ. ಆದರೆ ಫಾರ್ನ್ ನಡುಗಡ್ಡೆಯಲ್ಲಿ ಇನ್ನೊಂದು ಬಗೆಯ ಸ್ಮಾರಕ ಉಳಿಯಿತು. ಅಲ್ಲಿನ ಬಂಡೆಗಳ ಸಂದಿನಲ್ಲಿ ಮೊಟ್ಟೆಯಿಡುವ ಈಡರ್ ಎಂಬ ಕಡಲ ಬಾತುಗಳಿವೆ. ಅವುಗಳ ಎದೆಯ ಪುಕ್ಕ ಬಹಳ ಮೃದು, ಬೆಲೆಬಾಳುವಂಥದು. ಈ ಹಕ್ಕಿಗಳಿಗೆ ಕತ್ಬರ್ಟ್ ಅಭಯ ನೀಡಿದ್ದರು, ಅವನ್ನು ಕೊಲ್ಲುವುದು ಸಂತನಿಗೆ ಮಾಡುವ ದ್ರೋಹ ಎಂಬ ನಂಬಿಕೆಯನ್ನು ಹನ್ನೆರಡನೆಯ ಶತಮಾನದಲ್ಲಿ ಡರ್ಹ್ಯಾಮಿನ ರೆಜಿನಾಲ್ಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾರೆ. ಆ ಬಾತಿಗೆ ಕತ್ಬರ್ಟರ ಬಾತು ಎಂದೇ ಆ ತೀರದಲ್ಲಿ ಹೆಸರು.

ನಂಬಿಕೆಯಾಗಿ ಆರಂಭವಾದುದು ಬಹುಕಾಲದ ಮೇಲೆ ವ್ಯವಸ್ಥೆಯಾಯಿತು. 1925ರಲ್ಲಿ ಫಾರ್ನ್ ದ್ವೀಪಗಳು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ವಶಕ್ಕೆ ಬಂದವು. ಇಂದು ಅವು ಬ್ರಿಟನ್ನಿನ ಹೆಸರಾಂತ ಪಕ್ಷಿಧಾಮಗಳಲ್ಲೊಂದು. ಸಾವಿರಾರು ಕಡಲ ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಗಮನಿಸಿ: ಆ ಸನ್ಯಾಸಿ ಅಲ್ಲಿ ದೊಡ್ಡದಾಗಿ ಏನನ್ನೂ ಕಟ್ಟಲಿಲ್ಲ. ಒಂದು ಬಾವಿ ತೋಡಿದರು, ಒಂದು ತುಂಡು ನೆಲ ಬಿತ್ತಿದರು, ಮಿಕ್ಕುದನ್ನು ಮುಟ್ಟದೆ ಬಿಟ್ಟರು. ಮುಟ್ಟದೆ ಬಿಟ್ಟುದೇ ದೊಡ್ಡ ಆಸ್ತಿಯಾಯಿತು.

ಹಟ್ಟಿಯ ಅವಧೂತ

ಈಗ ಕಡಲನ್ನು ಬಿಟ್ಟು ನಮ್ಮ ಒಣಸೀಮೆಗೆ ಹಿಂದಿರುಗೋಣ. ಕತ್ಬರ್ಟರ ಪುಣ್ಯದಿನ ಮಾರ್ಚ್ ತಿಂಗಳಲ್ಲಿ ಬರುತ್ತದೆ ಎಂದೆನಷ್ಟೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಫಾಲ್ಗುಣ ಮಾಸದಲ್ಲಿ, ಇಲ್ಲಿಂದ ಬಹಳ ದೂರವೇನೂ ಅಲ್ಲದ ನಾಯಕನಹಟ್ಟಿಯಲ್ಲಿ ತೇರು ಎಳೆಯುತ್ತಾರೆ. ಲಕ್ಷಾಂತರ ಜನ ಸೇರುತ್ತಾರೆ. ತಮ್ಮಲ್ಲಿ ಆ ಜಾತ್ರೆಗೆ ಹೋಗದವರು ಯಾರೂ ಇರಲಾರರು. ಈ ಸಭೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರಿನವರು ಕೈ ಎತ್ತಿ ಎಂದರೆ ಎಷ್ಟು ಕೈಗಳು ಏಳುತ್ತವೆಯೋ!

ತಿಪ್ಪೇರುದ್ರಸ್ವಾಮಿಗಳು ಪಾಳೆಯಗಾರರ ಕಾಲದವರು. ಕೊಟ್ಟೂರು ಬಸವೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಹರಪನಹಳ್ಳಿಯ ಕೆಂಪೇಶ್ವರರೊಡನೆ ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಭಕ್ತರು ಎಣಿಸುತ್ತಾರೆ. ಅಲೆಯುತ್ತ ಬಂದ ಅವಧೂತರು ಹಟ್ಟಿಯ ಮಾರಮ್ಮನ ಗುಡಿಯಲ್ಲಿ ತಂಗಲು ಒಂದಿಷ್ಟು ಜಾಗ ಬೇಡಿದರೆಂದೂ, ಅದೇ ಮುಂದೆ ಒಳಮಠವಾಯಿತೆಂದೂ ಐತಿಹ್ಯವಿದೆ. ಊರ ಹೊರಗಿನ ಹೊರಮಠದಲ್ಲಿ ಅವರ ಸಮಾಧಿಯಿದೆ. ಊರೊಳಗೊಂದು ಮಠ, ಊರ ಹೊರಗೊಂದು ಮಠ: ಫಾರ್ನಿನ ಸನ್ಯಾಸಿಗೆ ಎತ್ತರದ ಗೋಡೆಯೂ ಅತಿಥಿಗಳ ಮನೆಯೂ ಎರಡೂ ಬೇಕಾಗಿದ್ದಂತೆ, ಏಕಾಂತ ಮತ್ತು ಲೋಕ ಎರಡನ್ನೂ ಹಿಡಿದ ಬಾಳು ಇದು.

ಅವರ ಹೆಸರಿನಲ್ಲಿಯೇ ತಿಪ್ಪೆಯಿದೆ. ಪಟ್ಟಣದವರಿಗೆ ತಿಪ್ಪೆಯೆಂದರೆ ಹೇಸಿಗೆ. ರೈತನಿಗೆ ಅದು ನಾಳೆಯ ಅನ್ನ. ಸಗಣಿ, ಗಂಜಲ, ಒಲೆಯ ಬೂದಿ, ಎಲೆಕಸ ಎಲ್ಲವೂ ತಿಪ್ಪೆಯಲ್ಲಿ ಕೊಳೆತು, ಬೇಸಗೆಯಲ್ಲಿ ಬಂಡಿಯೇರಿ ಹೊಲ ಸೇರುತ್ತವೆ. ಯಾವುದನ್ನೂ ಬಿಸಾಡದೆ ಮಣ್ಣಿನಿಂದ ಬಂದುದನ್ನು ಮಣ್ಣಿಗೇ ಒಪ್ಪಿಸುವ ವ್ಯವಸ್ಥೆಯನ್ನು ದೇವರ ಹೆಸರಾಗಿ ಇಟ್ಟುಕೊಂಡ ಸೀಮೆ ಇದು.

ಸ್ವಾಮಿಗಳು ಐದು ಕೆರೆಗಳನ್ನು ಕಟ್ಟಿಸಿದರೆಂಬುದು ಈ ನಾಡಿನ ಅಚ್ಚಳಿಯದ ನೆನಪು. ಹಟ್ಟಿಯ ಹಿರೆಕೆರೆ, ಚಿಕ್ಕಕೆರೆಗಳ ಹೆಸರು ಹೇಳಿದೊಡನೆ ಜನ ಸ್ವಾಮಿಗಳನ್ನು ನೆನೆಯುತ್ತಾರೆ. ಕೆರೆ ಕಟ್ಟುವಾಗಿನ ಒಂದು ಕಥೆಯೂ ಜನರ ಬಾಯಲ್ಲಿದೆ. ದಿನವಿಡೀ ಮಣ್ಣು ಹೊತ್ತವರು ಸಂಜೆ ಮರಳಿನ ಗುಡ್ಡೆ ಮಾಡಿಕೊಂಡು ಅದರೊಳಗೆ ಕೈಯಿಟ್ಟರೆ, ಅವರವರು ದುಡಿದಷ್ಟೇ ಕೂಲಿ ಅವರವರ ಕೈಗೆ ಸಿಗುತ್ತಿತ್ತಂತೆ. ಹೆಚ್ಚು ದುಡಿದವನಿಗೆ ಹೆಚ್ಚು, ಕಡಿಮೆ ದುಡಿದವನಿಗೆ ಕಡಿಮೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತನ್ನು ಇಂದಿಗೂ ಬಸ್ಸುಗಳ ಮೇಲೆ, ಮನೆಯ ಬಾಗಿಲ ಮೇಲೆ ಬರೆಸುತ್ತಾರೆ.

ಮಾಡಿದಷ್ಟು

ಈ ಮೂರು ಮಾತುಗಳ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಾವು ಸಾಮಾನ್ಯವಾಗಿ ದೇವರಲ್ಲಿ ಬೇಡುವುದು ಮಾಡದಿರುವುದನ್ನು. ಬಿತ್ತದ ಬೆಳೆ, ಓದದ ಪರೀಕ್ಷೆ, ದುಡಿಯದ ಹಣ. ಈ ಸ್ವಾಮಿ ಮಾತ್ರ ಮಾಡಿದಷ್ಟೇ ಕೊಡುತ್ತೇನೆಂದರು. ಇದು ವರವೂ ಹೌದು, ಎಚ್ಚರಿಕೆಯೂ ಹೌದು. ದುಡಿದವನ ಕೂಲಿಯನ್ನು ಯಾರೂ ಕಸಿಯಲಾರರು ಎಂಬುದು ವರ. ದುಡಿಯದವನಿಗೆ ದೇವರೂ ಕೊಡಲಾರ ಎಂಬುದು ಎಚ್ಚರಿಕೆ.

ಮರಳಿನ ಗುಡ್ಡೆಯ ಕಥೆಯಲ್ಲಿ ಪವಾಡವನ್ನು ಕಾಣುವವರು ಕಾಣಲಿ. ಆದರೆ ಆ ಕಥೆಯಲ್ಲಿ ಹೆಸರಿಲ್ಲದ ನೂರಾರು ಜನರಿದ್ದಾರೆ. ಮಣ್ಣು ಅಗೆದವರು, ಬುಟ್ಟಿ ಹೊತ್ತ ಹೆಂಗಸರು, ಕಲ್ಲು ಕಟ್ಟಿದ ವಡ್ಡರು, ಏರಿಯ ಮೇಲೆ ಮಣ್ಣು ತುಳಿದ ಎತ್ತುಗಳು. ಸ್ವಾಮಿಗಳ ಹಿರಿಮೆ ಇರುವುದು ಈ ಜನರ ದುಡಿಮೆಯನ್ನು ಅಳೆದು ಗೌರವಿಸಿದುದರಲ್ಲಿ. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಯೋಜನೆ ದೇಶದ ಮೊದಲ 200 ಜಿಲ್ಲೆಗಳಲ್ಲಿ ಆರಂಭವಾದಾಗ ಚಿತ್ರದುರ್ಗವೂ ಅವುಗಳಲ್ಲಿ ಒಂದಾಗಿತ್ತು. ಆ ಯೋಜನೆಯಲ್ಲಿ ಕೆರೆಯ ಹೂಳೆತ್ತಿದವರ ಗುಂಡಿಯನ್ನು ಅಳೆದು ಕೂಲಿ ಕಟ್ಟುತ್ತಿದ್ದಾಗ, ಸ್ವಾಮಿಗಳ ಮರಳಿನ ಗುಡ್ಡೆ ನೆನಪಾಗದೆ ಇರಲು ಸಾಧ್ಯವೇ? ಅಳತೆ ಸರಿಯಿದ್ದಲ್ಲಿ ಕೆರೆಯೂ ಉಳಿಯುತ್ತದೆ, ಕೂಲಿಯವನ ಮನೆಯೂ ಉಳಿಯುತ್ತದೆ. ಅಳತೆ ತಪ್ಪಿದಲ್ಲಿ ಎರಡೂ ಕೆಡುತ್ತವೆ.

ವಿದ್ಯಾರ್ಥಿ ಮಿತ್ರರೇ, ಕೆರೆಯೆಂದರೆ ನೀರು ನಿಂತ ಗುಂಡಿಯಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಹುಲ್ಲು ಪೊದೆಗಳ ನಡುವೆ ತಡೆದು, ಸರಲುಗಳಾಗಿ ಇಳಿದು, ಹಳ್ಳ ಸೇರಿ, ಕಾಲುವೆಯಲ್ಲಿ ಹರಿದು ಕೆರೆಯಂಗಳಕ್ಕೆ ಬರುತ್ತದೆ. ಏರಿ ಅದನ್ನು ತಡೆಯುತ್ತದೆ. ತೂಬು ಅಳತೆಯಿಂದ ಅಚ್ಚುಕಟ್ಟಿಗೆ ಬಿಡುತ್ತದೆ. ಸರದಿಯಂತೆ ನೀರು ಹಾಯಿಸಲು ನೀರಗಂಟಿಯಿದ್ದನು. ತುಂಬಿದ ಮೇಲೆ ಹೆಚ್ಚಾದುದು ಕೋಡಿಯ ಮೂಲಕ ಕೆಳಗಿನ ಕೆರೆಗೆ ಹೋಗುತ್ತದೆ. ತಳದಲ್ಲಿ ನಿಂತ ಹೂಳು ಬೇಸಗೆಯಲ್ಲಿ ಕೆರೆಗೋಡಾಗಿ ಹೊಲಕ್ಕೆ ಹೋಗುತ್ತದೆ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಸ್ವಾಮಿಗಳು ಕಟ್ಟಿಸಿದ ಏರಿ ಬರಿಯ ಮಣ್ಣಿನ ದಿಬ್ಬವಾಗುತ್ತದೆ.

ಇವೆಲ್ಲದರಲ್ಲಿ ನನಗೆ ಅತ್ಯಂತ ಪೂಜ್ಯವಾಗಿ ಕಾಣುವುದು ಕೋಡಿ. ಇಷ್ಟು ನಮಗೆ ಸಾಕು, ಮಿಕ್ಕುದು ಕೆಳಗಿನ ಊರಿನವರದು ಎಂದು ಕಲ್ಲಿನಲ್ಲಿ ಕಟ್ಟಿಟ್ಟ ಮಾತು ಅದು. ಫಾರ್ನಿನ ಸನ್ಯಾಸಿಯ ಬಾವಿ ಉಕ್ಕಲೂ ಇಲ್ಲ, ಬತ್ತಲೂ ಇಲ್ಲ ಎಂದರಲ್ಲ, ಆ ಅಳತೆಯೇ ನಮ್ಮ ಹಿರಿಯರ ಕೈಯಲ್ಲಿ ಕೋಡಿಯಾಯಿತು. ಕೊಳವೆ ಬಾವಿಗೆ ಕೋಡಿಯಿಲ್ಲ. ಕೆರೆಯ ನೀರು ಇಳಿಯುವುದು ಊರಿಗೆಲ್ಲ ಕಾಣುತ್ತದೆ. ಭೂಮಿಯೊಳಗಿನ ನೀರು ಇಳಿಯುವುದು ಯಾರಿಗೂ ಕಾಣುವುದಿಲ್ಲ. ಕಾಣದ್ದನ್ನು ಯಾರೂ ಅಳೆಯುವುದಿಲ್ಲ. ಅಳೆಯದ್ದಕ್ಕೆ ‘ಸಾಕು’ ಎಂಬುದಿಲ್ಲ. ನೂರಾರು ಅಡಿ ಕೊರೆದು ಬರಿಯ ಧೂಳು ಕಂಡು, ಸಾಲವನ್ನು ಮಾತ್ರ ಹೊತ್ತು ಕುಳಿತ ಕುಟುಂಬಗಳ ದುಃಖ ತಮಗೆ ಗೊತ್ತಿದೆ.

ಮುಟ್ಟದೆ ಬಿಡುವುದು

ದುಡಿಮೆ ಒಂದು ಪಾಠವಾದರೆ, ಮುಟ್ಟದೆ ಬಿಡುವುದು ಇನ್ನೊಂದು. ಇದೂ ಈ ನೆಲಕ್ಕೆ ಹೊಸದಲ್ಲ. ತಮ್ಮದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ನಿಜವನ್ನೇ ನುಡಿಯಬೇಕು ಎಂಬುದರ ಜೊತೆಯಲ್ಲಿಯೇ ಜೀವಿಗಳಲ್ಲಿ ದಯೆಯನ್ನು ದೃಢವಾಗಿರಿಸಿಕೊಳ್ಳಬೇಕೆಂದೂ ಅಲ್ಲಿ ಹೇಳಿದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಆ ಮಾತು ಈ ಗುಡ್ಡಗಳ ಮೇಲೆ ಬಿಸಿಲು ಮಳೆಗಳನ್ನು ಕಂಡಿದೆ.

ದೇವರ ಎತ್ತುಗಳನ್ನು ಕಾಯುವ ಮ್ಯಾಸನಾಯಕರ ಕಿಲಾರಿಗಳನ್ನು ನೆನೆಯಿರಿ. ಆ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಲಾಭಕ್ಕೆ ಮಾರುವುದಿಲ್ಲ. ಮನುಷ್ಯನ ಉಪಯೋಗಕ್ಕೆ ಬಾರದೆಯೂ ಒಂದು ಜೀವಕ್ಕೆ ಬಾಳುವ ಹಕ್ಕಿದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ. ಆದರೆ ಈ ಎತ್ತುಗಳಿಗೂ ಕುರಿಗಳಿಗೂ ಹುಲ್ಲು ಬೇಕು. ಹುಲ್ಲಿಗೆ ಕಾವಲು ಬೇಕು. 2009–10ರ ಸುಮಾರಿಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಮೊದಲಾದ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ನೀಡಲಾಯಿತು. ಗೋಡೆಗಳು ಎದ್ದವು. ಜನರು ಪ್ರತಿಭಟಿಸಿದರು, ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು. ವಿಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ಕಾಗದದಲ್ಲಿ ‘ಪಾಳು’ ಎಂದು ಬರೆದ ನೆಲದಲ್ಲಿ ಯಾರ ಹಸಿವು ಮೇಯುತ್ತಿತ್ತು ಎಂದು ಮೊದಲೇ ಕೇಳುವವರು ಇರಬೇಕಿತ್ತು ಎನ್ನುತ್ತೇನೆ. ಬಾರ್ಲಿಯ ಹೊಲದ ಅಂಚಿನಲ್ಲಿ ನಿಂತು ಆ ಸನ್ಯಾಸಿ ಹಕ್ಕಿಗಳ ವಿಷಯದಲ್ಲಿ ಕೇಳಿಕೊಂಡ ಪ್ರಶ್ನೆಯೂ ಅದೇ.

ಆದರೆ ಬೇರೆಯವರ ಗೋಡೆಯನ್ನು ತೋರಿಸಿ ನಮ್ಮ ಬೇಲಿಯನ್ನು ಮರೆಯುವುದು ನ್ಯಾಯವಲ್ಲ. ಹಳ್ಳದ ದಂಡೆಯನ್ನು ಅಂಗುಲ ಅಂಗುಲವಾಗಿ ಉತ್ತು ಹೊಲಕ್ಕೆ ಸೇರಿಸಿಕೊಂಡವರು ಯಾರು? ಕೆರೆಗೆ ನೀರು ತರುವ ಕಾಲುವೆಯಲ್ಲಿ ಕಸ ಸುರಿದವರು ಯಾರು? ಅಂಗಳವೆಲ್ಲ ಬಳ್ಳಾರಿ ಜಾಲಿ ಮುಚ್ಚಿಕೊಂಡಾಗ ಸುಮ್ಮನೆ ನೋಡಿದವರು ಯಾರು? ಹೂಳೆಂಬ ನೆವದಲ್ಲಿ ಮರಳನ್ನು ಬಗೆದು ಸಾಗಿಸಿದಾಗ ಬಾಯಿ ಮುಚ್ಚಿಕೊಂಡವರು ಯಾರು? ಹಟ್ಟಿಯ ಜಾತ್ರೆಗೆ ಹೋಗಿ ಕೊಬ್ಬರಿ ಸುಟ್ಟು ಹರಕೆ ಒಪ್ಪಿಸಿ ಬಂದವರೇ ಇವರಲ್ಲಿಯೂ ಇದ್ದಾರೆ, ನಾವೇ ಇದ್ದೇವೆ. ಸ್ವಾಮಿಗಳ ತೇರನ್ನು ತಪ್ಪದೆ ಎಳೆದೆವು. ಅವರ ಕೆರೆಯ ಕೆಲಸವನ್ನು ಮಾತ್ರ ಸರ್ಕಾರಕ್ಕೆ ಬಿಟ್ಟೆವು.

ಈ ವರ್ಷದ ಹರಕೆ

ಆದುದರಿಂದ ಕಡೆಯಲ್ಲಿ ಕೆಲವು ಸಣ್ಣ ಕೆಲಸಗಳನ್ನು ತಮ್ಮ ಮುಂದೆ ಇಡುತ್ತೇನೆ. ಇವುಗಳಿಗೆ ಯಾವ ಆದೇಶವೂ ಬೇಕಾಗಿಲ್ಲ, ಅನುದಾನವೂ ಬೇಕಾಗಿಲ್ಲ.

ವಿದ್ಯಾರ್ಥಿಗಳು ಮುಂಗಾರಿಗೆ ಮೊದಲು ತಮ್ಮ ಊರಿನ ಕೆರೆಗೆ ನೀರು ಬರುವ ದಾರಿಯನ್ನು ಏರಿಯಿಂದ ಗುಡ್ಡದ ನೆತ್ತಿಯವರೆಗೆ ಒಮ್ಮೆ ನಡೆದು ನೋಡಲಿ. ಎಲ್ಲಿ ಕಾಲುವೆ ಮುಚ್ಚಿದೆ, ಎಲ್ಲಿ ರಸ್ತೆ ಅಡ್ಡ ಬಂದಿದೆ, ಎಲ್ಲಿ ಹುಲ್ಲು ಸತ್ತು ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಗುರುತಿಸಿ ಒಂದು ಹಾಳೆಯಲ್ಲಿ ನಕ್ಷೆ ಬರೆಯಲಿ. ದಾರಿಯ ಹೆಸರುಗಳನ್ನು ಹೇಳಲು ಊರಿನ ಅಜ್ಜಂದಿರನ್ನೂ ಅಜ್ಜಿಯರನ್ನೂ ಜೊತೆಗೆ ಕರೆದೊಯ್ಯಲಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಲಿ.

ಗುಡ್ಡದ ಅಂಚಿನ ಹಳ್ಳಿಗಳವರು ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾಯಲಿ. ಹುಲ್ಲು ಸುಟ್ಟ ಗುಡ್ಡದಿಂದ ಇಳಿಯುವುದು ನೀರಲ್ಲ, ಹೂಳು. ಕೆರೆ ಕೆಳಗಿರಬಹುದು, ಅದರ ಬೇರು ಇರುವುದು ಗುಡ್ಡದಲ್ಲಿ.

ಜಾತ್ರೆಗೆ ಹೋಗುವವರು ಈ ವರ್ಷ ಇನ್ನೊಂದು ಹರಕೆ ಹೊರಲಿ. ಮನೆಗೊಬ್ಬರಂತೆ ಒಂದು ದಿನ, ತಮ್ಮ ಊರಿನ ಕೆರೆಯಲ್ಲಿ. ಒಬ್ಬೊಬ್ಬರು ಎಷ್ಟು ಬುಟ್ಟಿ ಹೂಳು ಹೊತ್ತರೆಂದು ಯಾರೂ ಬರೆದಿಡಬೇಕಾಗಿಲ್ಲ. ಅದನ್ನು ಅಳೆಯುವವರು ಬೇರೆ ಇದ್ದಾರೆ.

ಬಂಧುಗಳೇ, ಆರಂಭದಲ್ಲಿ ಒಂದು ಪ್ರಶ್ನೆ ಕೇಳಿದ್ದೆ: ಊರು ಬಿಟ್ಟವನಿಂದ ಊರಿಗೆ ಏನು ಪ್ರಯೋಜನ? ಫಾರ್ನಿನ ಸನ್ಯಾಸಿ ತನಗೆ ಸಾಕೆನ್ನುವುದನ್ನು ಕಲಿತು ಹಕ್ಕಿಗಳಿಗೆ ಒಂದು ದ್ವೀಪವನ್ನೇ ಬಿಟ್ಟುಹೋದರು. ಹಟ್ಟಿಯ ಅವಧೂತರು ತಮಗೆ ಏನೂ ಬೇಡವೆಂದು ಬಂದು ಒಂದು ಸೀಮೆಗೇ ನೀರು ಬಿಟ್ಟುಹೋದರು. ತನಗಾಗಿ ಬೇಡದವನು ಮಾತ್ರ ಎಲ್ಲರಿಗಾಗಿ ಅಳೆಯಬಲ್ಲ. ನಾವು ಸಂಸಾರಿಗಳು, ಸನ್ಯಾಸಿಗಳಾಗಬೇಕಾಗಿಲ್ಲ. ಆದರೆ ದುಡಿದಷ್ಟು ಪಡೆಯುವುದನ್ನೂ, ಬೇಕಾದಷ್ಟೇ ತೆಗೆಯುವುದನ್ನೂ, ಮಿಕ್ಕುದನ್ನು ಕೋಡಿಯಲ್ಲಿ ಬಿಡುವುದನ್ನೂ ಅವರಿಂದ ಕಲಿಯಬಹುದು.

ಬೊಮ್ಮಗೊಂಡನ ಹೆಸರು ಎರಡು ಅಕ್ಷರವಾದರೂ ಚಿಂತೆಯಿಲ್ಲ. ‘ಕೆರೆ’ ಎಂಬ ಮಾತು ಹೆಸರಿನಲ್ಲಿ ಮಾತ್ರ ಉಳಿಯುವ ದಿನ ಈ ಊರಿಗೆ ಬಾರದಿರಲಿ. ಆ ದಿನ ಬಾರದಂತೆ ನೋಡಿಕೊಳ್ಳುವ ಕೆಲಸ ನಮ್ಮದು. ಮಾಡಿದಷ್ಟು ನೀಡುವುದಾಗಿ ಸ್ವಾಮಿಗಳು ಆಗಲೇ ಮಾತು ಕೊಟ್ಟಿದ್ದಾರೆ.